ವನಜ ಮುಂಬೈಗೆ ಹೋದದ್ದು

ಜಯಪುರದ ಬಸ್ ಸ್ಟ್ಯಾಂಡಿನ ಹಿಂದೆ ಹಿಟ್ಟಿನ ಗಿರಣಿ ನಡೆಸುತ್ತಿದ್ದ ವಾಸಪ್ಪನಿಗೆ ಬೀಡಿ ಸಿಗರೇಟಿನ ಚಟವಿರಲಿಲ್ಲ, ಇಸ್ಪೀಟು ಗೊತ್ತಿರಲಿಲ್ಲ. ಇದ್ದ ಒಂದೇ ದುರಭ್ಯಾಸವೆಂದರೆ ಯಾರು ಏನು ಕೇಳಿದರೂ ‘ಹೌದು’ ಎಂದುಬಿಡುವುದು. ಇಪ್ಪತ್ತು ವರ್ಷ ಗಿರಣಿಯ ಬೆಲ್ಟಿನ ಪಕ್ಕದಲ್ಲಿ ನಿಂತವನ ಕಿವಿಗೆ ಮಾತು ಅರ್ಧ ಬೀಳುತ್ತದೆ, ಉಳಿದರ್ಧ ಹಿಟ್ಟಿನಲ್ಲಿ ಕಲೆತುಹೋಗುತ್ತದೆ. ‘ಎಂತ ಅಂದ್ರಿ?’ ಎಂದು ಮೂರು ಸಲ ಕೇಳುವುದಕ್ಕಿಂತ ಒಂದು ಸಲ ಹೌದು ಎನ್ನುವುದು ಸುಲಭ. ಹೀಗೆ ಹೌದೆಂದೇ ಅವನು ಎರಡು ಸಲ ರಕ್ತದಾನ ಮಾಡಿದ್ದ. ಒಂದು ಸಲ, ತನಗೆ ಗೊತ್ತಿಲ್ಲದ ಹೆಣ್ಣಿನ ಮದುವೆ ಮಾತುಕತೆಗೆ ಹಿರಿಯನಾಗಿ ನೆಮ್ಮಾರಿಗೆ ಹೋಗಿ ಊಟ ಮಾಡಿ ಬಂದಿದ್ದ.

ಅದೆಲ್ಲ ಇರಲಿ. ಸತ್ತು ನಲವತ್ತು ವರ್ಷವಾಗಿದ್ದ ಒಡಹುಟ್ಟಿದ ಅಕ್ಕನನ್ನು ಒಂದು ಮದುವೆ ಊಟದ ಪಂಕ್ತಿಯಲ್ಲಿ ಬದುಕಿಸಿ, ಆಮೇಲೆ ಅವಳನ್ನು ಪುನಃ ಸಾಯಿಸಲು ಕೋರ್ಟಿನ ಮೆಟ್ಟಿಲು ಹತ್ತಿದ್ದು ಮಾತ್ರ ಸಣ್ಣ ವಿಷಯವಲ್ಲ.

ಎಲ್ಲಕ್ಕೂ ಕಾರಣ ಒಂದು ಹಾಡು. ಎರಡು ಸಾವಿರದ ಆರನೇ ಇಸವಿಯಲ್ಲಿ ಆ ಸೀಮೆಯಲ್ಲಿ ಬದುಕಿದ್ದವರು ಯಾರೂ ‘ಏಳೇ ವನಜ’ ಹಾಡಿನಿಂದ ತಪ್ಪಿಸಿಕೊಂಡಿರಲಿಲ್ಲ.

“ಏಳೇ ವನಜ ಏಳೇ, ಬೆಳಗಾಯ್ತು ಏಳೇ” ಎಂದು ಒಬ್ಬಳು ಎಳೆಯುವುದು, ಹಿಂದಿನಿಂದ ಹತ್ತು ಜನ ಗಂಡಸರು “ಹೊಯ್ ಹೊಯ್” ಎನ್ನುವುದು, ಅದರ ಮೇಲೆ ತಗಡು ಬಡಿದಂತೆ ಒಂದು ತಾಳ. ಇಷ್ಟೇ. ಈ ಇಷ್ಟಕ್ಕೆ ಕೊಪ್ಪದ ಗಣಪತಿ ವಿಸರ್ಜನೆಯಲ್ಲಿ ಮೇಷ್ಟರುಗಳೂ ಕುಣಿದರು. ಬೆಂಗಳೂರಿನ ಯಾವುದೋ ಕ್ಯಾಸೆಟ್ ಕಂಪನಿಯಿಂದ ಬಂದ ಹಾಡಿಗೆ ಮಂಗಳೂರಿನವರು ತುಳುವಿನಲ್ಲಿ ಮರಿ ಹಾಕಿಸಿದರು. ಕೊಂಕಣಿಯಲ್ಲೊಂದು ಬಂತು. ಶೃಂಗೇರಿಯ ದತ್ತಮೂರ್ತಿ ಎಂಬ ಭಜನೆಯವರು ಅದೇ ಧಾಟಿಗೆ ಗಜಮುಖನನ್ನು ಎಬ್ಬಿಸಿ ಸಿ.ಡಿ. ಮಾಡಿದರು. ಪಂಚಾಯ್ತಿ ಚುನಾವಣೆಯಲ್ಲಿ ಎರಡೂ ಪಕ್ಷದವರು ಅದೇ ಧಾಟಿಯಲ್ಲಿ ಮತದಾರನನ್ನು ಎಬ್ಬಿಸಿದರು. ಪೋಲಿಯೊ ಹನಿ ಹಾಕಿಸುವ ಜೀಪೂ ಅದನ್ನೇ ಹಾಡಿಕೊಂಡು ಬಂದಾಗ, ಮಕ್ಕಳ ಬದಲು ದೊಡ್ಡವರು ಓಡಿಬಂದು ಹೆಜ್ಜೆ ಹಾಕಿದರೆಂದು ಹೇಳುತ್ತಾರೆ.

ಈ ಗದ್ದಲದಲ್ಲಿ ಸುಮ್ಮನಿದ್ದವನು ವಾಸಪ್ಪ ಒಬ್ಬನೇ. ಯಾಕೆಂದರೆ ಆ ಹಾಡಿನ ವನಜ ಅವನ ಅಕ್ಕ.

ಸಾವಿರದ ಒಂಬೈನೂರ ಅರವತ್ತಾರರ ಮಾಘದಲ್ಲಿ, ಏಳು ವರ್ಷದ ವನಜ ಮೂರು ದಿನ ಜ್ವರದಲ್ಲಿ ಮಲಗಿ ನಾಲ್ಕನೇ ದಿನ ಬೆಳಿಗ್ಗೆ ಏಳಲಿಲ್ಲ. ಅವರಮ್ಮ ಕಮಲಕ್ಕ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎಬ್ಬಿಸಿದಳು. ಎಬ್ಬಿಸುತ್ತ ಎಬ್ಬಿಸುತ್ತ ಅದು ಹಾಡಾಯಿತು. ಮರುವರ್ಷ, ಹೆಂಗಸರ ಹಾಡು ಸಂಗ್ರಹಿಸುತ್ತೇನೆಂದು ಪೆಟ್ಟಿಗೆಯಷ್ಟು ದೊಡ್ಡ ಟೇಪ್ ರೆಕಾರ್ಡರ್ ಹೊತ್ತುಕೊಂಡು ಒಬ್ಬ ಮೇಷ್ಟರು ಊರಿಗೆ ಬಂದರು. ಬೇರೆ ಹೆಂಗಸರು ಬೀಸುವ ಹಾಡು, ನಾಟಿ ಹಾಡು ಹಾಡಿದರು. ಕಮಲಕ್ಕನಿಗೆ ಬರುತ್ತಿದ್ದದ್ದು ಒಂದೇ. ಎರಡು ಸಾಲು ಆಗುವಷ್ಟರಲ್ಲಿ ಟೇಪು ಮುಗಿಯಿತು. ಮೇಷ್ಟರು ಡಬ್ಬಿಯ ಮೇಲೆ ‘ಬೆಳಗಿನ ಹಾಡು’ ಎಂದು ಬರೆದುಕೊಂಡು ಹೋದರು.

ಆ ಎರಡು ಸಾಲು ರೇಡಿಯೋಕ್ಕೆ ಹೋಯಿತು. ರೇಡಿಯೋದಿಂದ ನಾಟಕದ ಕಂಪನಿಗೆ ಹೋಗಿ ಸ್ವಲ್ಪ ಚುರುಕಾಯಿತು. ಅಲ್ಲಿಂದ ಆರ್ಕೆಸ್ಟ್ರಾದವರ ಕೈಗೆ ಸಿಕ್ಕಿ ಇನ್ನೂ ಚುರುಕಾಯಿತು. ಬೆಂಗಳೂರು ಸೇರುವ ಹೊತ್ತಿಗೆ ಅದಕ್ಕೆ ಹೊಯ್ ಹೊಯ್ ಹತ್ತಿಕೊಂಡಿತ್ತು.

ಕಮಲಕ್ಕನಿಗೆ ಈಗ ಎಪ್ಪತ್ತೆಂಟು. ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಕೇಳುತ್ತಿತ್ತು, ಇಲ್ಲದಿದ್ದರೆ ಇಲ್ಲ. ಟೇಪಿನ ಮೇಷ್ಟರು ಬಂದುಹೋದ ಮೇಲೆ ಆ ಮನೆಯಲ್ಲಿ ಯಾರೂ ಮಗಳ ಹೆಸರು ಎತ್ತಬಾರದೆಂದು ಗಂಡ ಕಟ್ಟು ಮಾಡಿದ್ದ. ಅವನು ಸತ್ತು ಎರಡು ವರ್ಷವಾದರೂ ಕಟ್ಟು ಹಾಗೇ ಇತ್ತು. ಹೀಗೆ ಊರೆಲ್ಲ ವನಜ ವನಜ ಎಂದು ಬಡಿದುಕೊಳ್ಳುತ್ತಿದ್ದಾಗ, ಆ ಹೆಸರು ಕೇಳದ ಮನೆ ಅದೊಂದೇ ಆಗಿತ್ತು.

ಶೆಟ್ಟಿಕೊಪ್ಪದ ಮದುವೆ ನಡೆದದ್ದು ಆಗ. ವಾಸಪ್ಪನ ಪಕ್ಕದ ಎಲೆಗೆ ಅವನ ಷಡ್ಡಕ ಗಣಪತಿ ಬಂದು ಕೂತ. ಈ ಗಣಪತಿ ನರಸಿಂಹರಾಜಪುರದವನು. ಒಂದು ಕಲಾ ಸಂಘದ ಕಾರ್ಯದರ್ಶಿ. ಜೇಬಿನಲ್ಲಿ ಎರಡು ಮೊಬೈಲು ಇಟ್ಟುಕೊಂಡು ಒಂದರಿಂದ ಇನ್ನೊಂದಕ್ಕೆ ಫೋನ್ ಮಾಡಿ ನೋಡುವ ಮನುಷ್ಯ. ಸಾರು ಬರುವುದರೊಳಗೆ ಅವನು ತಾನು ಸನ್ಮಾನ ಮಾಡಿಸಿದ ಹನ್ನೊಂದು ಗಣ್ಯರ ಹೆಸರು ಹೇಳಿ, “ನಿಮ್ಮದು ಎಂತ ವಿಶೇಷ ವಾಸಪ್ಪ? ಅದೇ ಹಿಟ್ಟಾ?” ಎಂದ.

ಎದುರಿನ ಸಾಲಿನವರು ನಕ್ಕರು. ಹೊರಗೆ ವಾದ್ಯದವರು ಅದೇ ಹಾಡು ಶುರು ಮಾಡಿದರು. ಹೆಸರು ಎತ್ತಬಾರದೆಂದು ನಲವತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದ ವಾಸಪ್ಪನಿಗೆ ಆ ಗಳಿಗೆಯಲ್ಲಿ ಏನು ಬಂತೋ, “ಈ ಹಾಡು ಕಟ್ಟಿದ್ದು ನಮ್ಮಮ್ಮ” ಎಂದುಬಿಟ್ಟ.

ಬಡಿಸುತ್ತಿದ್ದವನೂ ಸೌಟು ಹಿಡಿದು ನಿಂತ.

“ಹೌದನಾ? ಯಾವಾಗ ಕಟ್ಟಿದ್ದು ಮಾರಾಯ?”

ವಾಸಪ್ಪ ಬಾಯಿ ತೆರೆದ. ಮದುವೆ ಮನೆ, ಎದುರಿಗೆ ಹೋಳಿಗೆ, ಹತ್ತು ಹೆಜ್ಜೆಯಲ್ಲಿ ಅರಿಶಿನ ಮೆತ್ತಿಕೊಂಡ ಮದುಮಗಳು. ಇಲ್ಲಿ ಕೂತು ಹೆಣದ ಹಾಡೆಂದು ಹೇಳುವುದುಂಟೆ? ಅಷ್ಟು ಲೋಕಜ್ಞಾನ ಅವನಿಗೂ ಇತ್ತು. ಗಣಪತಿಯೇ ದಾರಿ ತೋರಿಸಿದ. “ತೊಟ್ಟಿಲು ಶಾಸ್ತ್ರದಲ್ಲಿ ಇರಬೇಕು. ವನಜ ಅಂತ ಮಗಳ ಹೆಸರಾ?”

“ಹೌದು.”

“ಅಂದ್ರೆ ನಿಮಗೊಬ್ಬಳು ಅಕ್ಕ ಇದ್ದಾಳಾ? ನಾವು ನೋಡೇ ಇಲ್ವಲ್ಲ. ದೂರ ಕೊಟ್ಟಿದಾರಾ?”

“ಹೌದು.”

“ಬೊಂಬಾಯಿಗಾ?”

“ಹೌದು” ಎಂದ ವಾಸಪ್ಪ. ಎಲೆಗೆ ಎರಡನೇ ಹೋಳಿಗೆ ಬಿತ್ತು. ಅವನ ಜೀವಮಾನದಲ್ಲಿ ಮದುವೆ ಮನೆಯಲ್ಲಿ ಕೇಳದೆ ಬಿದ್ದ ಎರಡನೇ ಹೋಳಿಗೆ ಅದೇ ಮೊದಲು.

ಅವನು ಬಸ್ಸಿಳಿದು ಮನೆ ಮುಟ್ಟುವ ಮೊದಲೇ ಸುದ್ದಿ ಗಣಪತಿಯ ಮೊಬೈಲಿನಿಂದ ಹೊರಟು ಮನೆ ಮುಟ್ಟಿತ್ತು. ಹೆಂಡತಿ ಸರೋಜ ಬಾಗಿಲಲ್ಲೇ ನಿಂತಿದ್ದಳು.

“ಇಪ್ಪತ್ತೆರಡು ವರ್ಷ! ನಂಗೊಬ್ಬಳು ನಾದಿನಿ ಇದ್ದಾಳೆ ಅಂತ ಇಪ್ಪತ್ತೆರಡು ವರ್ಷ ಮುಚ್ಚಿಟ್ರಲ್ಲ! ಅವಳೆಂತ ಮನೆ ಬಿಟ್ಟು ಓಡಿಹೋದವಳಾ?”

“ಅಲ್ಲ ಮಾರಾಯ್ತಿ, ಅವಳು ಇಲ್ಲ.”

“ಇಲ್ಲಿಲ್ಲ ಅಂತ ನಂಗೂ ಗೊತ್ತು. ಬೊಂಬಾಯಲ್ಲಿದಾಳೆ. ನನ್ನ ಮದುವೆಗೂ ಬರದಿದ್ದವಳು ಎಂತ ದೊಡ್ಡ ಮನುಷ್ಯಳು?”

ವಾಸಪ್ಪ ಅವಳನ್ನು ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋಗಿ, ಪಿಸುಮಾತಿನಲ್ಲಿ, ಇದ್ದದ್ದು ಇದ್ದಂತೆ ಹೇಳಿದ. ಸರೋಜ ಮನೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ, “ಅಲ್ಲ, ಸತ್ತವರನ್ನ ಬೊಂಬಾಯಿಗೆ ಕಳಿಸ್ತಾರನಾ ಯಾರಾದ್ರೂ? ನಾಳೆನೇ ಎಲ್ಲರಿಗೂ ನಿಜ ಹೇಳಿ” ಎಂದಳು.

ಮರುದಿನ ನಿಜ ಹೇಳಲು ಹೊರಟ ವಾಸಪ್ಪನಿಗೆ ಎದುರಾದವನು ಪಕ್ಕದ ಮನೆಯ ಜಟ್ಟಪ್ಪ. ಐವತ್ತೊಂಬತ್ತು ವರ್ಷದ ಜಟ್ಟಪ್ಪ ಊರಲ್ಲಿ ಏನೇ ನಡೆದರೂ ತಾನು ಮೊದಲೇ ಕಂಡಿದ್ದೆ ಎನ್ನುವವನು. ಹಿಂದಿನ ವರ್ಷ ಯಾರದೋ ಅಡಿಕೆ ಲಾರಿಯಲ್ಲಿ ಮುಂಬೈಗೆ ಹೋಗಿ ಎರಡು ದಿನ ಇದ್ದು ಬಂದಿದ್ದ. ಗಿರಣಿಯ ಮುಂದೆ ಏಳೆಂಟು ಜನರನ್ನು ನಿಲ್ಲಿಸಿಕೊಂಡು ಹೇಳುತ್ತಿದ್ದ:

“ನಾನು ನೋಡಿದೆ ಮಾರಾಯ್ರೆ, ವನಜನ್ನ! ತರಕಾರಿ ಮಾರ್ಕೆಟಲ್ಲಿ. ಗುರ್ತು ಹಿಡಿದು, ‘ಏ ಜಟ್ಟಣ್ಣ’ ಅಂತ ಕರೆದಳು. ಸ್ವಲ್ಪ ದಪ್ಪ ಆಗಿದಾಳೆ. ಕನ್ನಡಕ ಬಂದಿದೆ. ಇಬ್ಬರು ಮಕ್ಕಳಂತೆ.”

“ಜಟ್ಟಣ್ಣ, ಅದು ಹಂಗಲ್ಲ...” ಎಂದ ವಾಸಪ್ಪ.

“ನಿಂಗೆ ಗೊತ್ತಿಲ್ಲ ಸುಮ್ಮನಿರು. ನೋಡಿದವನು ನಾನು.”

ಅಷ್ಟು ಖಚಿತವಾಗಿ ಕಂಡವನ ಎದುರು, ಕಾಣದವನು ಏನು ವಾದಿಸುವುದು? ವಾರದೊಳಗೆ ವನಜಳ ಗಂಡನಿಗೆ ರೈಲ್ವೆಯಲ್ಲಿ ಕೆಲಸವಾಯಿತು. ಹದಿನೈದು ದಿನದಲ್ಲಿ ಅವಳ ದೊಡ್ಡ ಮಗ ಡಾಕ್ಟರಿಕೆಗೆ ಸೇರಿದ. ಇಬ್ಬರು ನೆಂಟರು ಗೃಹಪ್ರವೇಶದ ಕಾಗದ ಕೊಡಲು ಬಂದವರು, “ಅಕ್ಕಂದೂ ಒಂದು ಇಟ್ಕಳಿ, ನೀವೇ ಕಳಿಸಿ” ಎಂದು ಎರಡೆರಡು ಕೊಟ್ಟುಹೋದರು.

ಗಣಪತಿ ಮಾತ್ರ ಸುಮ್ಮನೆ ಕೂರುವವನಲ್ಲ. ಕೊಪ್ಪದಲ್ಲಿ ಒಂದು ಸಭಾಂಗಣ ಗೊತ್ತುಮಾಡಿ ‘ಜನಪ್ರಿಯ ಗೀತೆಯ ಮಹಾತಾಯಿಗೆ ಸನ್ಮಾನ’ ಎಂದು ಕರೆಯೋಲೆ ಅಚ್ಚು ಹಾಕಿಸಿದ. ಅದರ ಕೆಳಗೆ ‘ವಿಶೇಷ ಉಪಸ್ಥಿತಿ: ಶ್ರೀಮತಿ ವನಜ, ಮುಂಬೈ’ ಎಂದಿತ್ತು. ವಾಸಪ್ಪ ಅದನ್ನು ಓದಿ ಬೆವತು ನರಸಿಂಹರಾಜಪುರಕ್ಕೆ ಓಡಿದ.

“ಗಣಪತಿ, ಅವಳು ಬರಕ್ಕಾಗಲ್ಲ.”

“ರಜೆ ಸಿಗಲ್ವಾ?”

ಎದುರು ಆಟೋ ನಿಂತಿತ್ತು. ಆಟೋದಲ್ಲಿ ಹಾಡು ಹೊಯ್ ಹೊಯ್ ಎನ್ನುತ್ತಿತ್ತು. ವಾಸಪ್ಪನಿಗೆ ಪ್ರಶ್ನೆ ಸರಿಯಾಗಿ ಕೇಳಲಿಲ್ಲ.

“ಹೌದು” ಎಂದ.

ಸನ್ಮಾನದ ದಿನ ಕಮಲಕ್ಕನನ್ನು ಜೀಪಿನಲ್ಲಿ ಕರೆತಂದರು. ಎಲ್ಲಿಗೆ, ಯಾಕೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವ ಕೆಲಸ ವಾಸಪ್ಪನದು. ವಾಸಪ್ಪ ಕಿವಿಯಲ್ಲಿ “ಕೊಪ್ಪಕ್ಕೆ” ಎಂದಷ್ಟೇ ಕೂಗಿದ್ದ. ಕಣ್ಣಿನ ಡಾಕ್ಟರ ಹತ್ತಿರ ಇರಬೇಕೆಂದು ಅವಳು ಸೀರೆ ಬದಲಿಸಿಕೊಂಡು ಬಂದಿದ್ದಳು. ವೇದಿಕೆಯಲ್ಲಿ ಹೂವಿನ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದೆಸಿ, ತಟ್ಟೆಯಲ್ಲಿ ಹಣ್ಣಿಟ್ಟಾಗ, ಡಾಕ್ಟರು ಒಳ್ಳೆಯವರೆಂದು ಕಾಣುತ್ತದೆ ಎಂಬಂತೆ ಎಲ್ಲರಿಗೂ ಕೈ ಮುಗಿದಳು.

ಗಣಪತಿ ಮೈಕಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದ. ತೊಟ್ಟಿಲ ಮಗು ವನಜ ಈಗ ಮಹಾನಗರದಲ್ಲಿ ಸುಖ ಸಂಸಾರ ನಡೆಸುತ್ತಿರುವುದನ್ನೂ, ರಜೆ ಸಿಗದೆ ಬಾರದಿದ್ದುದನ್ನೂ, ಆದರೂ ಫೋನಿನಲ್ಲಿ ಅತ್ತದ್ದನ್ನೂ ವರ್ಣಿಸಿದ. ಕೊನೆಗೆ, “ಈಗ ತಾಯಿಯ ಎದುರಲ್ಲೇ ಅವರ ಹಾಡು!” ಎಂದು ಕೈ ಎತ್ತಿದ.

ಆಳೆತ್ತರದ ನಾಲ್ಕು ಸ್ಪೀಕರು ಒಟ್ಟಿಗೆ ಬಾಯಿಬಿಟ್ಟವು. ಸಭೆ ಎದ್ದು ಕುಣಿಯತೊಡಗಿತು. ಶಾಲೆ ಮಕ್ಕಳು ಬೆಂಚು ಹತ್ತಿದರು. ಇಪ್ಪತ್ತು ವರ್ಷದಿಂದ ಸರಿಯಾಗಿ ಕೇಳದ ಕಿವಿಗೂ ಆ ಶಬ್ದ ಹೊಕ್ಕಿತು. ಕಮಲಕ್ಕನ ಕೈಯಲ್ಲಿದ್ದ ಹಣ್ಣಿನ ತಟ್ಟೆ ವಾಲಿತು. ಮೂಸಂಬಿ ಒಂದೊಂದೇ ಉರುಳಿ ವೇದಿಕೆಯಿಂದ ಕೆಳಗೆ ಬಿದ್ದವು. ಅವಳು ಕುರ್ಚಿ ಹಿಡಿದು ಎದ್ದು ನಿಂತು, ಕುಣಿಯುವ ಜನರನ್ನು ಒಮ್ಮೆ ನೋಡಿ, ಮಗನ ಕಡೆ ತಿರುಗಿ ಕೇಳಿದಳು:

“ವಾಸು, ಯಾರು ತೀರ್ಕೊಂಡ್ರು?”

ಮೈಕು ಪಕ್ಕದಲ್ಲೇ ಇತ್ತು. ಮಾತು ಸಭಾಂಗಣದ ಗೋಡೆಗೆಲ್ಲ ಬಡಿಯಿತು. ಒಂದು ಗಳಿಗೆ ಎಲ್ಲ ನಿಂತಿತು. ಆಮೇಲೆ ಯಾರೋ ನಕ್ಕರು. ನಂತರ ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. “ಅಜ್ಜಿ ಎಂತ ತಮಾಷೆ ಮಾಡ್ತಾರೆ!” ಎಂದ ಗಣಪತಿ ಮೈಕಿನಲ್ಲಿ. ಮರುದಿನದ ಪತ್ರಿಕೆಯ ಮೂರನೇ ಪುಟದಲ್ಲಿ ಫೋಟೋ ಬಂತು. ಅಜ್ಜಿಯ ಹಾಸ್ಯಪ್ರಜ್ಞೆಯ ಬಗ್ಗೆ ಒಂದು ಸಾಲು. ಮುಂಬೈಯಲ್ಲಿರುವ ಮಗಳ ಬಗ್ಗೆ ನಾಲ್ಕು ಸಾಲು.

ಆ ದಿನ ಜೀಪಿನಲ್ಲಿ ಕಮಲಕ್ಕ ಮಾತಾಡಲಿಲ್ಲ. ಮರುದಿನವೂ ಆಡಲಿಲ್ಲ. ಸರೋಜ ಅವಳ ಕಿವಿಯಲ್ಲಿ ಕೂಗಿ ಎಲ್ಲ ವಿಷಯ ತಿಳಿಸಿದ ಮೇಲಂತೂ ಮಗನ ಕೈಯಿಂದ ಕಾಫಿ ಲೋಟವನ್ನೂ ತೆಗೆದುಕೊಳ್ಳುವುದನ್ನು ಬಿಟ್ಟಳು. ವಾಸಪ್ಪ ಲೋಟ ಕೆಳಗಿಟ್ಟು ಹೋದರೆ, ಅವನು ಬಾಗಿಲು ದಾಟಿದ ಮೇಲೆ ಎತ್ತಿಕೊಳ್ಳುತ್ತಿದ್ದಳು.

ಹದಿನೈದು ದಿನದ ನಂತರ ಗಿರಣಿಗೆ ಗ್ರಾಮ ಲೆಕ್ಕಿಗ ವಿಘ್ನೇಶ್ವರ ಬಂದ. ಕಂಕುಳಲ್ಲಿ ಫೈಲು, ಫೈಲಿನೊಳಗೆ ಆ ಪತ್ರಿಕೆಯ ಮೂರನೇ ಪುಟ. ತೀರಿಹೋದ ಅಪ್ಪನ ಹೆಸರಲ್ಲಿದ್ದ ಎರಡು ಎಕರೆ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ವಾಸಪ್ಪ ಅರ್ಜಿ ಕೊಟ್ಟು ವರ್ಷವಾಗಿತ್ತು.

“ವಂಶವೃಕ್ಷದಲ್ಲಿ ಒಬ್ಬನೇ ಮಗ ಅಂತ ಬರೆದಿದೀರಿ ವಾಸಪ್ಪ. ಪೇಪರಲ್ಲಿ ಅಕ್ಕ ಇದಾರೆ.”

ವಾಸಪ್ಪ ಗಿರಣಿ ನಿಲ್ಲಿಸಿದ. ಇನ್ನು ಹೌದೆನ್ನಬಾರದೆಂದು ಅವನಿಗೆ ಅಷ್ಟರಲ್ಲಿ ಬುದ್ಧಿ ಬಂದಿತ್ತು. “ಅವಳು ತೀರಿಹೋಗಿದಾಳೆ ಸಾರ್.”

“ಅಯ್ಯೋ, ಯಾವಾಗ? ಮೊನ್ನೆ ಫೋನಲ್ಲಿ ಅತ್ತರಂತಲ್ಲ?”

“ಅರವತ್ತಾರನೇ ಇಸ್ವಿಯಲ್ಲಿ.”

ವಿಘ್ನೇಶ್ವರ ಪೆನ್ನಿನ ಮುಚ್ಚಳ ಹಾಕಿ ಬಹಳ ಮರ್ಯಾದೆಯಿಂದ ಕೇಳಿದ: “ಮರಣ ಪತ್ರ ಇದೆಯಾ?”

ಇರಲಿಲ್ಲ. ಹಲಸಿನ ಮರದ ಬುಡದಲ್ಲಿ ಹೂಳಿದ ಏಳು ವರ್ಷದ ಹುಡುಗಿಗೆ ಆಗ ಯಾರು ಕಾಗದ ಬರೆಸುತ್ತಿದ್ದರು? ಹುಟ್ಟಿದ್ದಕ್ಕೂ ಕಾಗದವಿರಲಿಲ್ಲ, ಶಾಲೆಗೆ ಸೇರಿಸಿರಲಿಲ್ಲ, ಒಂದು ಫೋಟೋವೂ ಇರಲಿಲ್ಲ. ಅವಳು ಈ ಲೋಕದಲ್ಲಿದ್ದಳೆನ್ನುವುದಕ್ಕೆ ಸರ್ಕಾರದ ಕೈಯಲ್ಲಿದ್ದ ಒಂದೇ ದಾಖಲೆ ಆ ಮೂರನೇ ಪುಟ. ಅದರಲ್ಲಿ ಅವಳು ಬದುಕಿದ್ದಳು.

“ಹಂಗಾದ್ರೆ ಅವರನ್ನೇ ಕರೆಸಿ ಒಂದು ಸೈನ್ ಹಾಕಿಸಿ” ಎಂದ ವಿಘ್ನೇಶ್ವರ. “ಸತ್ತಿದ್ರೆ ಕೋರ್ಟಿಂದ ಆದೇಶ ತನ್ನಿ. ಎರಡರಲ್ಲಿ ನಿಮಗೆ ಯಾವುದು ಸುಲಭ ನೋಡಿ.” ಪಾಪ, ಅವನು ಕೆಟ್ಟವನಲ್ಲ. ಹೋಗುವ ಮೊದಲು ನಿಯಮದಂತೆ ನೆರೆಯವರ ಹೇಳಿಕೆ ಬರೆದುಕೊಂಡ. ನೆರೆಯವನೆಂದರೆ ಜಟ್ಟಪ್ಪ. ಜಟ್ಟಪ್ಪ ಮಾರ್ಕೆಟ್ಟು, ಕನ್ನಡಕ, ಇಬ್ಬರು ಮಕ್ಕಳು ಎಲ್ಲವನ್ನೂ ಹೇಳಿ ಕೆಳಗೆ ದಪ್ಪಗೆ ಸಹಿ ಮಾಡಿದ.

“ಜಟ್ಟಣ್ಣ, ಆ ಹೇಳಿಕೆ ವಾಪಸ್ ತಗೊ ಮಾರಾಯ” ಎಂದು ವಾಸಪ್ಪ ಮೂರು ದಿನ ಅವನ ಜಗಲಿಯಲ್ಲಿ ಕೂತ.

“ಸಹಿ ಹಾಕಿದ ಮೇಲೆ ಮಾತು ಬದಲಿಸೋ ಜಾತಿಯವನಲ್ಲ ನಾನು” ಎಂದ ಜಟ್ಟಪ್ಪ. ಆದರೆ ಹಾಗೆನ್ನುವಾಗ ವಾಸಪ್ಪನ ಮುಖ ನೋಡಲಿಲ್ಲ.

ಲಾಯರ್ ಸೀತಾರಾಮಯ್ಯ ವಯಸ್ಸಾದವರು, ತಾಳ್ಮೆಯವರು. ಕೇಸು ಕೇಳಿ ಕನ್ನಡಕ ಒರೆಸಿಕೊಂಡರು. “ನಲವತ್ತು ವರ್ಷ ವಕೀಲಿ ಮಾಡಿದೀನಿ. ಸತ್ತವರು ಬದುಕಿದಾರೆ ಅಂತ ಸಾಧಿಸಿದ್ದುಂಟು, ಬದುಕಿದವರು ಸತ್ತಿದಾರೆ ಅಂತ ಸಾಧಿಸಿದ್ದೂ ಉಂಟು. ಸತ್ತವರು ಸತ್ತಿದಾರೆ ಅಂತ ಸಾಧಿಸೋದು ಭಾರಿ ಕಷ್ಟ ವಾಸಪ್ಪ. ತಾಯಿ ಸಾಕ್ಷಿ ಹೇಳ್ತಾರಾ?”

“ನನ್ನ ಹತ್ರ ಮಾತೇ ಬಿಟ್ಟಿದಾರೆ.”

“ನಿಮ್ಮ ಹತ್ರ ಬೇಡ, ಜಡ್ಜ್ ಹತ್ರ ಆಡಿದ್ರೆ ಸಾಕು.”

ಅರ್ಜಿ ಹಾಕಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ‘ವನಜ ಎಂಬವರು ಮೃತರಾಗಿರುವ ಬಗ್ಗೆ ಆಕ್ಷೇಪಣೆ ಇದ್ದವರು ಹಾಜರಾಗತಕ್ಕದ್ದು’ ಎಂದಾದ ಮೇಲೆ, ಎರಡು ಸಾವಿರದ ಏಳರ ಮಾರ್ಚಿನಲ್ಲಿ ವಿಚಾರಣೆ ಬಂತು. ಊರಿನ ಅರ್ಧ ಜನ ಕೋರ್ಟಿಗೆ ಬಂದಿದ್ದರು. ಗಣಪತಿಯೂ ಬಂದಿದ್ದ, ಎಲ್ಲ ಗೊತ್ತಾದ ಮೇಲೂ ಅವನಿಗೆ, ಸಭೆ ಎಂದಮೇಲೆ ಮುಂದಿನ ಸಾಲಿನಲ್ಲಿ ಕೂರದೆ ಗತಿಯಿರಲಿಲ್ಲ.

ನ್ಯಾಯಾಧೀಶರು ಬಯಲುಸೀಮೆಯಿಂದ ಹೊಸದಾಗಿ ಬಂದ ಹೆಣ್ಣುಮಗಳು. ಮೊದಲು ಜಟ್ಟಪ್ಪನನ್ನು ಕರೆದರು. ಅವನು ಕಟಕಟೆಯಲ್ಲಿ ನಿಂತು ಮಾರ್ಕೆಟ್ಟಿನ ವಿಷಯ ಹೇಳಿದ.

“ಎಷ್ಟು ವರ್ಷದ ಮೇಲೆ ನೋಡಿದ್ರಿ?”

“ನಲವತ್ತು ವರ್ಷದ ಮೇಲೆ, ಸ್ವಾಮಿ.”

“ಏಳು ವರ್ಷದ ಹುಡುಗೀನ ನಲವತ್ತೇಳಕ್ಕೆ ಹೆಂಗ್ ಗುರ್ತು ಹಿಡಿದ್ರಿ?”

“ನಕ್ಕಾಗ ಕೆನ್ನೇಲಿ ಗುಳಿ ಬೀಳ್ತಿತ್ತು” ಎಂದ ಜಟ್ಟಪ್ಪ. ವಾಸಪ್ಪ ತಲೆ ಎತ್ತಿದ. ಅವನಿಗೇ ಮರೆತುಹೋಗಿತ್ತು, ವನಜಕ್ಕನ ಕೆನ್ನೆಯ ಗುಳಿ.

ಆಮೇಲೆ ಕಮಲಕ್ಕನನ್ನು ಕರೆದರು. ಸರೋಜ ಕೈ ಹಿಡಿದು ಕಟಕಟೆ ಹತ್ತಿಸಿದಳು. “ನಿಮ್ಮ ಮಗಳು ಬದುಕಿದಾರಾ, ಇಲ್ಲವಾ?” ಎಂದು ನ್ಯಾಯಾಧೀಶರು ಕೇಳಿದರು. ಕಮಲಕ್ಕ ಅವರ ಮುಖವನ್ನೇ ನೋಡುತ್ತ ನಿಂತಳು. ಸೀತಾರಾಮಯ್ಯ ಕೂಗಿದರು. ಶಿರಸ್ತೇದಾರರು ಕೂಗಿದರು. ಇಡೀ ಕೋರ್ಟು, “ಅಜ್ಜಿ, ನಿಮ್ಮ ಮಗಳು ಸತ್ತಿದಾಳಾ?” ಎಂದು ಒಬ್ಬೊಬ್ಬರಾಗಿ ಕೂಗಿ ಸೋತಿತು. ವಾಸಪ್ಪ ಹಿಂದಿನ ಬೆಂಚಿನಲ್ಲಿ ಕಿವಿ ಮುಚ್ಚಿಕೊಂಡ. ಅವಳಿಗೆ ಕೇಳಲಿಲ್ಲವೋ, ಕೇಳಿಯೂ ಸುಮ್ಮನಿದ್ದಳೋ, ಹೇಳುವುದು ಕಷ್ಟ.

ನ್ಯಾಯಾಧೀಶರು ಮುಂದಿನ ತಾರೀಖು ಕೊಡಲು ಪೆನ್ನು ಎತ್ತಿದರು. ಆ ನಿಶ್ಶಬ್ದದಲ್ಲಿ ಬಾಗಿಲ ಬಳಿ ನಿಂತಿದ್ದ ಅಟೆಂಡರನ ಜೇಬಿನಿಂದ ಮೊಬೈಲು ಕಿರುಚಿತು.

ಏಳೇ ವನಜ ಏಳೇ, ಬೆಳಗಾಯ್ತು ಏಳೇ. ಹೊಯ್ ಹೊಯ್.

ಅಟೆಂಡರ್ ಬಿಳಚಿಕೊಂಡು ಜೇಬು ತಡಕಿದ. ಮೊಬೈಲು ಕೈ ಜಾರಿ ನೆಲದ ಮೇಲೆ ಸುತ್ತುತ್ತ ಇನ್ನೂ ಗಟ್ಟಿಯಾಗಿ ಹಾಡಿತು. ಬೆಂಚುಗಳಲ್ಲಿ ನಗೆ ಹರಿಯಿತು. ಮುಂದಿನ ಸಾಲಿನಲ್ಲಿ ಗಣಪತಿಯ ಬಲಗಾಲು, ಯಜಮಾನನ ಅಪ್ಪಣೆಗೆ ಕಾಯದೆ, ತಾಳ ಹಾಕತೊಡಗಿತು. ಟೈಪಿಸ್ಟ್ ಹುಡುಗಿಯ ತಲೆಯೂ ಸಣ್ಣಗೆ ಆಡಿತು.

“ಹಂಗಲ್ಲ ಅದು” ಎಂದಳು ಕಮಲಕ್ಕ.

ಎಲ್ಲರೂ ತಿರುಗಿ ನೋಡಿದರು. ಅವಳು ಕಟಕಟೆಯ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಯಾರ ಅಪ್ಪಣೆಯೂ ಕೇಳದೆ, ಗಾಣದ ಎತ್ತು ನಡೆಯುವಷ್ಟು ನಿಧಾನಕ್ಕೆ ಹಾಡಿದಳು:

“ಏಳೇ ವನಜ, ಏಳೇ, ಬೆಳಗಾಯ್ತು ಏಳೇ,
ಗಂಜಿ ಆರಿ ಹೋಯ್ತು, ಉಪ್ಪು ಹಾಕಿದ್ದೆ, ಏಳೇ.”

ಟೇಪಿಗೆ ಹೋಗಿದ್ದದ್ದು ಇಷ್ಟೇ. ಊರಿಗೆ, ಬೆಂಗಳೂರಿಗೆ, ಮಂಗಳೂರಿಗೆ ಗೊತ್ತಿದ್ದದ್ದೂ ಇಷ್ಟೇ. ಗಣಪತಿಯ ಕಾಲು ಇನ್ನೂ ಆಡುತ್ತಿತ್ತು. ಕಮಲಕ್ಕ ನಿಲ್ಲಿಸಲಿಲ್ಲ.

“ತಮ್ಮ ಅಳ್ತಾನೆ, ಎತ್ಕಳೇ, ಏಳೇ,
ಕೈ ತಣ್ಣಗಾಯ್ತು, ಒಲೆ ಹತ್ರ ಬಾರೇ, ಏಳೇ.
ಗುಂಡಿ ತೋಡ್ತಾರೆ ಹಲಸಿನ ಬುಡದಲಿ,
ಅವರು ಬರೋದ್ರೊಳಗೆ ಏಳೇ, ಮಗಳೇ, ಏಳೇ.”

ಟೈಪಿಸ್ಟ್ ಹುಡುಗಿಯ ಬೆರಳು ಯಂತ್ರದ ಮೇಲೆ ಹಾಗೇ ನಿಂತಿತ್ತು. ಗಣಪತಿ ತನ್ನ ಬಲ ಮಂಡಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಿದ್ದ. ಅಟೆಂಡರ್ ಬಗ್ಗಿ ಮೊಬೈಲು ಎತ್ತಿಕೊಂಡವನು ನೆಟ್ಟಗಾಗಲಿಲ್ಲ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು.

ಆಗ ಸಾಕ್ಷಿಗಳ ಬೆಂಚಿನಿಂದ ಒಂದು ಶಬ್ದ ಬಂತು. ಜಟ್ಟಪ್ಪ ಎದ್ದು ನಿಂತಿದ್ದ.

“ತೋಡಿದ್ದು ನಾನು ಸ್ವಾಮಿ” ಎಂದ. “ಗುಂಡಿ. ನಂಗೆ ಹದಿನೆಂಟು ವರ್ಷ ಆಗ. ನಮ್ಮಪ್ಪ ಹಾರೆ ಕೊಟ್ಟು ನೀನೇ ತೋಡು ಅಂದ. ಸಣ್ಣದು ಸಾಕು ಅಂದ. ನಾನು ಗೊತ್ತಾಗದೆ ದೊಡ್ಡದು ತೋಡಿಬಿಟ್ಟೆ.”

“ಮತ್ತೆ ಮುಂಬೈಯಲ್ಲಿ ನೋಡಿದೆ ಅಂದ್ರಲ್ಲ?” ನ್ಯಾಯಾಧೀಶರ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

“ಎಲ್ಲರೂ ಬದುಕಿದಾಳೆ ಬದುಕಿದಾಳೆ ಅಂದ್ರು ಸ್ವಾಮಿ. ವಾಸಪ್ಪನೇ ಅಂದ. ಇಷ್ಟು ಜನ ಹೇಳ್ತಾರಲ್ಲ, ಹಂಗಾದ್ರೆ ನಾನು ತೋಡಿದ್ದು ಕನಸಿರಬಹುದು ಅಂತ... ಹಂಗೇ ಇರ್ಲಿ ಅಂತ ನಂಗೂ ಆಸೆ ಆಯ್ತು.” ಅವನು ಟವೆಲಿನಿಂದ ಮುಖ ಒರೆಸಿಕೊಂಡ. “ಸುಳ್ಳು ಸಾಕ್ಷಿಗೆ ಎಂತ ಶಿಕ್ಷೆ ಇದ್ಯೋ ಕೊಡಿ.”

ನ್ಯಾಯಾಧೀಶರು ಬಹಳ ಹೊತ್ತು ಬರೆದರು. ಆಮೇಲೆ, ಹಾಡು ತಪ್ಪದೆ ಪೂರ್ತಿ ದಾಖಲಾಗಬೇಕು, ಎಲ್ಲಾ ಸಾಲೂ, ಎಂದು ಟೈಪಿಸ್ಟಿಗೆ ಹೇಳಿದರು. ಸರೋಜ ಕಮಲಕ್ಕನ ಕಿವಿಯಲ್ಲಿ ಕೂಗಿ ಒಂದೊಂದೇ ಸಾಲು ಹೇಳಿಸಿದಳು. ಹುಡುಗಿ ಮೂಗು ಒರೆಸಿಕೊಳ್ಳುತ್ತ ಟೈಪು ಮಾಡಿದಳು. ಆ ಹಾಡು ಪೂರ್ತಿಯಾಗಿ ಮೊದಲ ಸಲ ಅಚ್ಚಾದದ್ದು ಹೀಗೆ: ಕೋರ್ಟಿನ ಹಸಿರು ಕಾಗದದಲ್ಲಿ, ಮೂರು ಪ್ರತಿ, ಮೊಹರಿನೊಂದಿಗೆ. ಜಟ್ಟಪ್ಪನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಅಟೆಂಡರನಿಗೆ ನೂರು ರೂಪಾಯಿ ದಂಡ ಬಿತ್ತು.

ಆದೇಶ ಹಿಡಿದು ಓಡಾಡಿ ಮರಣ ಪತ್ರ ಕೈಗೆ ಬರಲು ಇನ್ನೂ ಒಂದು ತಿಂಗಳಾಯಿತು. ಅದನ್ನು ತರುವ ದಿನ ಕಮಲಕ್ಕ ತಾನೂ ಬರುತ್ತೇನೆಂದು ಸನ್ನೆ ಮಾಡಿದಳು. ಗುಮಾಸ್ತ ಕಾಗದ ಕೊಟ್ಟ. ಹೊರಗೆ ಕಲ್ಲುಬೆಂಚಿನ ಮೇಲೆ ಕೂತು, ವಾಸಪ್ಪ ಅವಳ ಕಿವಿಗೆ ಬಾಯಿಟ್ಟು ಓದಿದ: “ಹೆಸರು, ವನಜ. ತಾಯಿ ಹೆಸರು, ಕಮಲ.”

ಸನ್ಮಾನದ ದಿನದಿಂದೀಚೆಗೆ ಮಗನೊಡನೆ ಮೊದಲ ಮಾತು ಆಡಿದಳು. “ಇನ್ನೊಂದ್ಸಲ ಓದು.”

ಅವನು ಓದಿದ. ಜೋರಾಗಿ, ದಾರಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಜೋರಾಗಿ ಓದಿದ. ಅವಳು ಇನ್ನೊಂದು ಸಲ ಎಂದಳು. ಐದು ಸಲ ಓದಿಸಿಕೊಂಡು ಕಾಗದವನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಗದ್ದೆಯ ಅರ್ಜಿಗೆ ಅದು ಬೇಕೆಂದು ಹೇಳುವ ಧೈರ್ಯ ವಾಸಪ್ಪನಿಗೆ ಆ ದಿನ ಬರಲಿಲ್ಲ.

ಜಯಪುರದ ಬಸ್ಸು ಹತ್ತಿದರು. ಬಸ್ಸಿನಲ್ಲಿ ಟೇಪು ಹಾಡುತ್ತಿತ್ತು, ಬೇರೆ ಯಾವ ಹಾಡು? ಕೋರ್ಟಿನ ಸುದ್ದಿ ಅಷ್ಟರಲ್ಲಿ ಮೂರು ತಾಲ್ಲೂಕಿಗೆ ಹಬ್ಬಿತ್ತು. ಕಂಡಕ್ಟರು ಕಮಲಕ್ಕನನ್ನು ಕಂಡವನೇ ಓಡಿಹೋಗಿ ಡ್ರೈವರನ ಭುಜ ತಟ್ಟಿದ. ಡ್ರೈವರು ಗಡಿಬಿಡಿಯಲ್ಲಿ ಗುಂಡಿ ಒತ್ತಿದ. ಹಾಡು ‘ಹೊ’ ಎಂಬಲ್ಲಿ ನಿಂತಿತು. ಬಸ್ಸು ತುಂಬ ಜನ ನೆಲ ನೋಡಿದರು.

ಹಾಡು ಕೇಳುತ್ತಿತ್ತೋ ಇಲ್ಲವೋ, ನಿಂತದ್ದು ಮಾತ್ರ ಕಮಲಕ್ಕನಿಗೆ ಗೊತ್ತಾಯಿತು. ಸೀಟಿನ ಸರಳು ನಡುಗುವುದು ನಿಂತಿತ್ತು.

“ಎಂತಕೆ ನಿಲ್ಲಿಸಿದ?” ಎಂದು ಕೇಳಿದಳು.

“ನಿನಗೆ ಬೇಜಾರಾಗ್ತದೆ ಅಂತ” ಎಂದು ವಾಸಪ್ಪ ಕಿವಿಯಲ್ಲಿ ಕೂಗಿದ.

ಕಮಲಕ್ಕ ಕಿಟಕಿಯ ಆಚೆ ನೋಡಿದಳು. ಹರಂದೂರಿನ ತಿರುವು ದಾಟಿತು.

“ಹಾಕಕ್ಕೆ ಹೇಳು” ಎಂದಳು. “ಅವಳಂತೂ ಏಳ್ಲಿಲ್ಲ. ಇವರಾದ್ರೂ ಏಳ್ಲಿ.”

ಡ್ರೈವರು ಹಾಡು ಹಾಕಿದ. ಪೂರ್ತಿ ಸೌಂಡಿನಲ್ಲಿ ಹಾಕಿದ. ಹೊಯ್ ಹೊಯ್ ಎಂದು ಬಸ್ಸು ಗದರಿತು. ಆದರೆ ಜಯಪುರ ಬರುವವರೆಗೆ ಒಬ್ಬರೂ ಕೂತಲ್ಲಿಂದ ಅಲ್ಲಾಡಲಿಲ್ಲ; ನಡುವೆ ಇಳಿಯಬೇಕಾಗಿದ್ದ ನಾಲ್ಕೈದು ಜನ, ಆ ಹಾಡಿಗೆ ಎದ್ದು ನಿಲ್ಲುವುದು ಹೇಗೆಂದು ತಿಳಿಯದೆ, ತಮ್ಮ ತಮ್ಮ ಊರನ್ನು ಕಿಟಕಿಯಿಂದ ನೋಡಿ ಮುಂದಕ್ಕೆ 
ಹೋದರು.